ತೊಗರಿ ಹೊಟ್ಟು ಕಟ್ಟಿದ ಕಾರು

ಗೊಬ್ಬೂರಿನಲ್ಲಿ ನಮ್ಮ ಓಣಿಯ ಒಬ್ಬ ಅಕ್ಕ ಬಾಡಿಗೆ ಕಾರು ಓಡಿಸುತ್ತಿದ್ದಳು. ಟರ್ಬೊ ಗಾಡಿ. ಊರು ಮುಟ್ಟಿದರೂ ಎಂಜಿನ್ ತಟ್ಟನೆ ಬಂದ್ ಮಾಡುತ್ತಿರಲಿಲ್ಲ. "ಜರಾ ತಡೀರಿ, ಟರ್ಬೊ ಕೆಂಡ ಆಗೇದ, ಆರಲಿ," ಎನ್ನುತ್ತ ಸ್ಟೀರಿಂಗ್ ಮೇಲೆ ಬೆರಳಾಡಿಸುತ್ತ ಕೂರುತ್ತಿದ್ದಳು.

ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ನನ್ನ ಪಿಎಚ್.ಡಿ. ಸಂದರ್ಶನದ ದಿನ ಅವಳೇ ಕರೆದೊಯ್ದಳು. ಒಕ್ಕಣೆಗೆಂದು ರಸ್ತೆಯ ಮೇಲೆಲ್ಲ ತೊಗರಿ ಹರವಿದ್ದರು. ಅರ್ಧ ದಾರಿಯಲ್ಲಿ ಎಂಜಿನ್ ಕಾದು ಮೀಟರಿನ ಮುಳ್ಳು ಕೆಂಪು ಗೆರೆಯತ್ತ ಏರಿತು. ಅವಳು ಎಸಿ ಆರಿಸಿ ಹೀಟರ್ ಹಾಕಿದಳು.

"ಅಕ್ಕಾ, ಸೆಕಿಗೆ ಸಾಯಾಕತ್ತೇನಿ!"

"ಎಂಜಿನ್ನಿನ ಕಾವು ಈ ಕಡಿ ಎಳ್ಕೊಳಾಕತ್ತೇನಿ ತಂಗಿ. ತಡಕೋ."

ನಿಲ್ಲಿಸಿ ಬಾನೆಟ್ ಎತ್ತಿದರೆ, ರೇಡಿಯೇಟರ್ ಮುಂದೆ ತೊಗರಿ ಹೊಟ್ಟು ಗಾಳಿಯಾಡದಂತೆ ಕಟ್ಟಿಕೊಂಡಿತ್ತು. ಕಾವು ಇಳಿಯುವವರೆಗೆ ಕಾದು, ಬಣ್ಣ ಬಳಿಯುವ ಬ್ರಷ್‌ನಿಂದ ಎಲ್ಲ ಉದುರಿಸಿದಳು. ನಾನು ಗಡಿಯಾರ ನೋಡುತ್ತ ಅತ್ತೆ.

ತಲುಪಿದಾಗ ನನ್ನ ಹೆಸರು ಕೂಗಿ ಆಗಿತ್ತು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಅವಳು ನನ್ನನ್ನು ದಾಟಿ ಹೋಗಿ, ಪಟ್ಟಿ ಹಿಡಿದು ಕೂತಿದ್ದ ಗುಮಾಸ್ತರಿಗೆ ಮಸಿ ಹತ್ತಿದ ಎರಡೂ ಅಂಗೈ ತೋರಿಸಿದಳು.

"ನನ್ನ ಗಾಡಿ ಕಾದಿತ್ರಿ ಸರ. ಇಕೀದೇನೂ ತಪ್ಪಿಲ್ರಿ."

ಅವರು ಆ ಅಂಗೈಗಳನ್ನು ನೋಡಿ, ಪಟ್ಟಿಯ ಕೊನೆಯಲ್ಲಿ ನನ್ನ ಹೆಸರನ್ನು ಮತ್ತೆ ಬರೆದುಕೊಂಡರು.

ಸೀಟು ಸಿಕ್ಕ ಸುದ್ದಿ ಹೇಳಲು ಫೋನ್ ಮಾಡಿದಾಗ ಅಕ್ಕ ಘತ್ತರಗಿಯ ದಾರಿಯಲ್ಲಿದ್ದಳು. ಇಂಡಿಕೇಟರಿನ ಟಿಕ್ ಟಿಕ್ ಕೇಳಿಸಿತು.

"ಗಾಡಿ ಬಾಜೂಕ ಹಚ್ಚೇನಿ," ಎಂದಳು ಆಮೇಲೆ. "ಈಗ ಇನ್ನೊಮ್ಮೆ ಹೇಳವಾ."