ವಿಭೂತಿಯ ಮೇಲೆ ಹೊರಿಸಿದ್ದು

ಹಾಲೇಶಪ್ಪನವರೇ, ಫೌಂಡ್ರಿಯ ಆ ಕಂಪ್ಯೂಟರ್ ನಿಂತುಹೋದದ್ದು ನನ್ನ ತಪ್ಪಿನಿಂದ. ಅದು ನನಗೆ ಗೊತ್ತಾದ ಮೇಲೂ ತಪ್ಪನ್ನು ನಿಮ್ಮ ತಲೆಯ ಮೇಲೆಯೇ ಬಿಟ್ಟು ಸುಮ್ಮನಾದೆ. ಒಂಬತ್ತೋ ಹತ್ತೋ ವರ್ಷವಾಯಿತು — ಸರಿಯಾಗಿ ಎಣಿಸಲು ಹೋಗಿಲ್ಲ — ಇದನ್ನು ನಾನು ಯಾರಿಗೂ ಹೇಳಿಲ್ಲ, ಹೆಂಡತಿಗೂ.

ನಿಮಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಹೇಳುತ್ತೇನೆ. ಹಾಗೆ ಹೇಳದಿದ್ದರೆ ನಡುವೆ ಎಲ್ಲಾದರೂ ನುಣುಚಿಕೊಂಡುಬಿಡುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತು.

ಆಗ ನನಗೆ ಇಪ್ಪತ್ತೇಳು. ಶಿವಮೊಗ್ಗದ ಹೊಸಮನೆಯಲ್ಲಿ ಹಿಟ್ಟಿನ ಗಿರಣಿಯ ಮೇಲಿನ ಒಂದು ಕೋಣೆಯಲ್ಲಿ ನಾವು ಮೂವರು ಗೆಳೆಯರು ಕಂಪ್ಯೂಟರ್ ಕೆಲಸ ಮಾಡುತ್ತಿದ್ದೆವು. ಭದ್ರಾವತಿಯ ನಿಮ್ಮ ಫೌಂಡ್ರಿಯವರು ಕಬ್ಬಿಣ ಕರಗಿಸುವ ಫರ್ನೆಸ್ಸಿನ ಶಾಖ ಕಂಪ್ಯೂಟರಿನ ಪರದೆಯ ಮೇಲೆ ಕಾಣುವಂತೆ ಮಾಡಿಕೊಡಿ ಅಂದರು. ಶಾಖ ಅಳೆಯುವ ತಂತಿಗಳು ಬಂದು ಒಂದು ಕಾರ್ಡಿಗೆ ಸೇರುತ್ತವೆ. ಕಾರ್ಡು ಕಂಪ್ಯೂಟರಿನೊಳಗೆ ಕೂರುತ್ತದೆ. ಆ ಕಾರ್ಡಿಗೂ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ಲಿಗೂ ಮಾತುಕತೆ ಮಾಡಿಸಲು ಒಂದು ಪ್ರೋಗ್ರಾಂ ಬೇಕು, ಅದಕ್ಕೆ ಡ್ರೈವರ್ ಎನ್ನುತ್ತಾರೆ. ನಾವು ಹಾಕಿದ್ದು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್. ಅದಕ್ಕೆ ಕಾರ್ಡಿನ ಕಂಪನಿಯವರು ಡ್ರೈವರ್ ಕೊಟ್ಟಿರಲಿಲ್ಲ, ನಾನೇ ಬರೆದೆ. ಶಿವಮೊಗ್ಗದಲ್ಲಿ ಕೂತು ಕರ್ನಲ್ಲಿಗೆ ಕೈ ಹಾಕಿದವನು ನಾನೊಬ್ಬನೇ ಎಂಬ ಜಂಬ ಬೇರೆ.

ನಿಮಗದನ್ನು ಹೇಳಿದಾಗ ನೀವು ನಕ್ಕಿರಿ. “ಡ್ರೈವರ್ ಅಂದ್ರೆ ಲಾರಿ ಓಡ್ಸೋರು ಅಂದ್ಕೊಂಡಿದ್ನಲ್ಲ ಮಾರಾಯ. ಇವ್ನು ಹಗಲೂ ರಾತ್ರಿ ಆ ಡಬ್ಬದೊಳಗೇ ಕೂತಿರ್ತಾನಾ? ಊಟಕ್ಕೇನು ಮಾಡ್ತಾನೆ?” ಮ್ಯಾನೇಜರ್ ಎದುರಿಗೆ ನೀವು ನನ್ನನ್ನು ಸಾರ್ ಅನ್ನುತ್ತಿದ್ದಿರಿ, ಇಬ್ಬರೇ ಇದ್ದಾಗ ಮಾರಾಯ. ಇಪ್ಪತ್ತು ವರ್ಷಕ್ಕೂ ಮೇಲೆ ಫರ್ನೆಸ್ ಮುಂದೆ ನಿಂತು ನಿಮಗೆ ದಮ್ಮು ಹಿಡಿದಿತ್ತು. ಡಾಕ್ಟರು ಬರೆದುಕೊಟ್ಟ ಮೇಲೆ ನಿಮ್ಮನ್ನು ಗಾಜಿನ ಬಾಗಿಲಿನ, ಏಸಿ ಹಾಕಿದ ಕಂಪ್ಯೂಟರ್ ಕೋಣೆಯಲ್ಲಿ ಕೂರಿಸಿದ್ದರು. “ಇಲ್ಲಿ ಬಂದ್ಮೇಲೆ ಮೆಟ್ಲು ಹತ್ತಕ್ಕಾಗ್ತಿದೆ” ಅಂತ ನೀವೇ ನನಗೆ ಹೇಳಿದ್ದಿರಿ.

ಪ್ರತಿ ಶುಕ್ರವಾರ ಬೆಳಿಗ್ಗೆ ಪಾಳಿ ಶುರುವಾಗುವ ಮುಂಚೆ ನೀವು ಕಂಪ್ಯೂಟರ್ ಆಫ್ ಮಾಡಿ, ಬಟ್ಟೆಯಲ್ಲಿ ಒರೆಸಿ, ಡಬ್ಬದ ಮೇಲೆ ಮೂರು ಬೆರಳಿನಲ್ಲಿ ವಿಭೂತಿ ಎಳೆದು, ಕುಂಕುಮವಿಟ್ಟು, ಊದುಬತ್ತಿ ಬೆಳಗುತ್ತಿದ್ದಿರಿ. ಆಮೇಲೆ ಕೈ ಮುಗಿದು ಆನ್ ಮಾಡುವುದು. ಆಫ್ ಯಾಕೆ ಮಾಡುತ್ತೀರಿ ಅಂತ ಕೇಳಿದ್ದೆ. “ಓಡ್ತಾ ಇರೋ ಮಿಷಿನ್‌ಗೆ ಪೂಜೆ ಮಾಡ್ಬಾರ್ದು ಮಾರಾಯ. ಅದು ನಿಂತು ತಗೋಬೇಕು.” ಫರ್ನೆಸ್ ಕಾಲದಿಂದ ಬಂದ ರೂಢಿ ಅಂದಿರಿ. ನಾಲ್ಕು ತಿಂಗಳು ಎಲ್ಲವೂ ಚೆನ್ನಾಗಿ ನಡೆಯಿತು.

ಆಮೇಲೆ ಒಂದು ದಿನ ಮ್ಯಾನೇಜರ್ ಹೊರಗಿನವರನ್ನು ಕರೆದುಕೊಂಡು ಬಂದರು. ನಾನೂ ಅಲ್ಲಿದ್ದೆ. ಅವರ ಮುಂದೆ ಕೊಚ್ಚಿಕೊಂಡೆ — ಇದನ್ನು ವರ್ಷಗಟ್ಟಲೆ ಆಫ್ ಮಾಡುವ ಅಗತ್ಯವೇ ಇಲ್ಲ, ಲಿನಕ್ಸ್ ಅಂದರೆ ಹಾಗೆ. ಮ್ಯಾನೇಜರ್ ನಿಮ್ಮ ಕಡೆ ನೋಡಿ, “ಇವ್ರು ವಾರಕ್ಕೊಂದ್ಸಲ ಆಫ್ ಮಾಡ್ತಾರಲ್ಲ?” ಅಂದರು. ನನ್ನ ಮುಖ ಸಣ್ಣದಾಯಿತು. ಇನ್ನು ಮುಂದೆ ಆಫ್ ಮಾಡಬೇಡಿ, ಬೇಕಾದರೆ ಓಡುವಾಗಲೇ ಪೂಜೆ ಮಾಡಿ ಅಂತ ಎಲ್ಲರೆದುರು ನಿಮಗೆ ಹೇಳಿದೆ. ನೀವು ಆ ಶುಕ್ರವಾರದಿಂದ ಪೂಜೆಯನ್ನೇ ಬಿಟ್ಟಿರಿ.

ನೀವು ಕೊನೆಯ ಸಲ ಆಫ್ ಮಾಡಿ ಆನ್ ಮಾಡಿದ ಹತ್ತನೆಯ ದಿನ ಪರದೆ ಒಂದೇ ಅಂಕಿಯ ಮೇಲೆ ನಿಂತಿತು. ನಿಂತದ್ದು ಯಾರಿಗೂ ತಿಳಿಯಲಿಲ್ಲ. ಆ ಸುಳ್ಳು ಅಂಕಿಯನ್ನೇ ನಂಬಿ ಕಬ್ಬಿಣ ಹೊಯ್ದರು. ಆ ಸಲದ ಎರಕವೆಲ್ಲ ಬಿರುಕು ಬಿಟ್ಟಿತು.

ಫೋನು ಬಂದ ಕೂಡಲೇ ಬಸ್ಸು ಹತ್ತಿ ಬಂದೆ. ಮ್ಯಾನೇಜರ್, ಇಬ್ಬರು ಸೂಪರ್‌ವೈಸರುಗಳು, ನೀವು — ಎಲ್ಲರೂ ಸುತ್ತ ನಿಂತಿದ್ದಿರಿ. ಡಬ್ಬ ಬಿಚ್ಚಿದೆ. ಫ್ಯಾನಿನ ರೆಕ್ಕೆಗಳ ಮೇಲೆ, ಕಾರ್ಡಿನ ಅಂಚಿನಲ್ಲಿ ಬಿಳಿ ಪುಡಿ, ಅದರಲ್ಲಿ ಅಲ್ಲಲ್ಲಿ ಕೆಂಪು. “ಏನ್ರೀ ಇದು?” ಅಂತ ಮ್ಯಾನೇಜರ್ ಕೇಳಿದರು. ನಾನು ಅಂದೆ:

“ಒಳಗೆಲ್ಲ ವಿಭೂತಿ ತುಂಬಿದೆ ಸರ್. ಹಿಂಗಾದ್ರೆ ಯಾವ ಮಿಷಿನ್ ಉಳಿಯುತ್ತೆ?”

ಆ ಹೊತ್ತಿಗೆ ನಾನು ಅದನ್ನು ಅರ್ಧ ನಂಬಿದ್ದೆ. ಇನ್ನರ್ಧ... ಪುಡಿಯಿಂದ ಕೆಟ್ಟರೆ ಮಿಷಿನ್ ಸುಟ್ಟುಹೋಗಬೇಕು, ಆಫ್ ಮಾಡಿ ಆನ್ ಮಾಡಿದ ತಕ್ಷಣ ಸರಿಹೋಗಬಾರದು. ಅದು ಸರಿಹೋಯಿತು. ಅಷ್ಟು ನನಗೆ ಆಗಲೇ ಹೊಳೆಯಬೇಕಿತ್ತು. ನೀವು ಮಾತ್ರ ನಿಮ್ಮ ಬಲಗೈ ನೋಡಿಕೊಂಡಿರಿ. “ಮೇಲ್ಗಡೆ ಹಚ್ಚಿದ್ದು ಸಾರ್. ಒಳಗೆ ಹೋಗುತ್ತೆ ಅಂತ ಗೊತ್ತಿರ್ಲಿಲ್ಲ.” ಮುಂದಿನ ಸೋಮವಾರ ನಿಮ್ಮನ್ನು ಫೆಟ್ಲಿಂಗ್ ಶೆಡ್ಡಿಗೆ ಹಾಕಿದರು. ಎರಕದ ಸಾಮಾನನ್ನು ಉಜ್ಜಿ ನಯ ಮಾಡುವ ಜಾಗ ಅದು. ಎದುರಿಗೆ ನಿಂತವರ ಮುಖ ಕಾಣದಷ್ಟು ದೂಳು.

ನಿಮ್ಮ ಜಾಗಕ್ಕೆ ಸೆಲ್ವರಾಜ್ ಬಂದ. ಅವನು ಪೂಜೆಯಿರಲಿ, ಒರೆಸುತ್ತಲೂ ಇರಲಿಲ್ಲ. ನಾನು ಆನ್ ಮಾಡಿ ಹೋದ ಹತ್ತು ದಿನಕ್ಕೆ ಸರಿಯಾಗಿ ಮಿಷಿನ್ ಮತ್ತೆ ನಿಂತಿತು. ಈ ಸಲ ಬೇಗ ಗೊತ್ತಾದ್ದರಿಂದ ಎರಕ ಉಳಿಯಿತು.

ಮೂರು ದಿನ ಆ ಕೋಣೆಯಲ್ಲೇ ಕೂತೆ. ಗಂಟೆಗೊಮ್ಮೆ ಎಷ್ಟು ಮೆಮೊರಿ ಖಾಲಿ ಇದೆ ಅಂತ ನೋಡಿ ಬರೆದುಕೊಂಡೆ. ಅದು ಪೂರ್ತಿ ಮುಗಿದರೆ ಮಿಷಿನ್ ನಿಂತುಹೋಗುತ್ತದೆ. ಇಳಿಯುತ್ತಿತ್ತು. ಓಡುತ್ತಿದ್ದ ಪ್ರೋಗ್ರಾಂಗಳನ್ನು ಒಂದೊಂದಾಗಿ ಮುಚ್ಚಿದೆ, ಆದರೂ ಇಳಿಯುತ್ತಿತ್ತು. ಪ್ರೋಗ್ರಾಂ ಹಿಡಿದುಕೊಂಡ ಮೆಮೊರಿ ಅದನ್ನು ಮುಚ್ಚಿದಾಗ ವಾಪಸ್ಸು ಬರುತ್ತದೆ. ಕರ್ನಲ್ಲಿನೊಳಗೆ ಕಳೆದದ್ದು ಮಿಷಿನ್ ಆಫ್ ಆಗುವವರೆಗೆ ಬರುವುದಿಲ್ಲ. ಅಂದರೆ ಸೋರುತ್ತಿದ್ದದ್ದು ಕರ್ನಲ್ಲಿನೊಳಗೆ. ಅಲ್ಲಿ ನಾನು ಬರೆದದ್ದು ಒಂದೇ ಒಂದು ಇತ್ತು.

ಡ್ರೈವರಿಗೆ ಎರಡು ಲೆಕ್ಕ ಹಚ್ಚಿದೆ: ಎಷ್ಟು ಸಲ ಮೆಮೊರಿ ಕೇಳಿ ಪಡೆಯಿತು, ಎಷ್ಟು ಸಲ ಹಿಂತಿರುಗಿಸಿತು. ಪಕ್ಕದ ಮನೆಯ ಪಾತ್ರೆ ತಂದವರು ತೊಳೆದು ವಾಪಸ್ಸು ಕೊಡಬೇಕಲ್ಲ, ಹಾಗೆ. ಫರ್ನೆಸ್ ತಣ್ಣಗಿದ್ದಾಗ ಎರಡೂ ಸಮ. ಫರ್ನೆಸ್ಸಿಗೆ ಕರೆಂಟ್ ಕೊಟ್ಟ ಕೂಡಲೇ ತಂತಿಯಲ್ಲಿ ಗಲಾಟೆ ಎದ್ದು ಶಾಖದ ಕೆಲವು ಅಂಕಿಗಳು ತಪ್ಪಾಗಿ ಬರುತ್ತಿದ್ದವು. ಆಗೆಲ್ಲ ಪಡೆದದ್ದು ಹೆಚ್ಚು, ಕೊಟ್ಟದ್ದು ಕಡಿಮೆ. ತಪ್ಪು ಅಂಕಿ ಬಂದರೆ ನನ್ನ ಡ್ರೈವರ್ ಅರ್ಧದಲ್ಲೇ ಎದ್ದು ಬರುತ್ತಿತ್ತು, ಪಡೆದದ್ದನ್ನು ಕೊಡದೆ. ಒಂದು ಸಾಲು ಬರೆಯುವುದು ಮರೆತಿದ್ದೆ. ಹೊಸಮನೆಯಲ್ಲಿ ಪರೀಕ್ಷೆ ಮಾಡುವಾಗ ಫರ್ನೆಸ್ ಇರಲಿಲ್ಲ. ಸಾಲದ್ದಕ್ಕೆ ದಿನಕ್ಕೆರಡು ಸಲ ಕರೆಂಟ್ ಹೋಗುತ್ತಿತ್ತು, ನಮ್ಮ ಯಾವ ಮಿಷಿನ್ನೂ ಎರಡು ದಿನ ಸತತವಾಗಿ ಓಡಿದ್ದೇ ಇಲ್ಲ.

ಹಾಗಾದರೆ ಮೊದಲ ನಾಲ್ಕು ತಿಂಗಳು ಹೇಗೆ ಓಡಿತು? ಅದು ತಲೆ ತಿನ್ನುತ್ತಿತ್ತು. ಮಿಷಿನ್ ತಾನೇ ಬರೆದಿಟ್ಟುಕೊಳ್ಳುವ ದಾಖಲೆ ತೆಗೆದು ನೋಡಿದೆ. ಆನ್ ಆದ ದಿನಗಳ ಪಟ್ಟಿ: ಶುಕ್ರವಾರ ಬೆಳಿಗ್ಗೆ, ಶುಕ್ರವಾರ ಬೆಳಿಗ್ಗೆ, ಶುಕ್ರವಾರ ಬೆಳಿಗ್ಗೆ. ವಾರಕ್ಕೊಮ್ಮೆ ನೀವು ಆಫ್ ಮಾಡಿದಾಗ ಸೋರಿದ್ದೆಲ್ಲ ವಾಪಸ್ಸಾಗುತ್ತಿತ್ತು, ಹತ್ತನೆಯ ದಿನ ಬರುತ್ತಲೇ ಇರಲಿಲ್ಲ. ಹಾಲೇಶಪ್ಪನವರೇ, ಆ ಪಟ್ಟಿ ನೋಡಿದ ಮೇಲೆ ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ.

ಬಿಟ್ಟುಹೋದ ಸಾಲನ್ನು ಸೇರಿಸಿದೆ. ಹೊಸ ಡ್ರೈವರ್ ಹಾಕಿದೆ. ಮ್ಯಾನೇಜರ್ ಏನಾಗಿತ್ತು ಅಂತ ಕೇಳಿದರು. “ಹಳೇ ಪುಡಿ ಕಾರ್ಡಿನ ಸಂದೀಲಿ ಉಳ್ಕೊಂಡಿತ್ತು ಸರ್, ಪೂರ್ತಿ ತೆಗ್ದಿದೀನಿ” ಅಂದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಹಾಕಿದ ಬರೆಯನ್ನು ನಾನು ಇನ್ನೊಮ್ಮೆ ಒತ್ತಿದೆ. ಯಾಕೆ ಹಾಗೆ ಹೇಳಿದೆ ಎಂಬುದಕ್ಕೆ ಕಾರಣಗಳಿವೆ, ಎಲ್ಲ ಅಂದವಾಗಿ ಜೋಡಿಸಿಟ್ಟುಕೊಂಡಿದ್ದೇನೆ — ಬೇಡ. ಅವು ನಿಮ್ಮ ಎದೆಯೊಳಗಿನ ದೂಳಿಗೆ ಔಷಧಿಯಲ್ಲ.

ಹೊರಗೆ ಹೋಗುವಾಗ ಫೆಟ್ಲಿಂಗ್ ಶೆಡ್ ದಾಟಬೇಕಿತ್ತು. ನೀವು ಮೂಗಿಗೆ ಟವೆಲ್ ಕಟ್ಟಿಕೊಂಡಿದ್ದಿರಿ. ನನ್ನನ್ನು ನೋಡಿ ಟವೆಲ್ ಇಳಿಸಿದಿರಿ. “ಸರಿ ಹೋಯ್ತಾ ಸಾರ್?” ಅಲ್ಲಿ ನಾವಿಬ್ಬರೇ ಇದ್ದೆವು, ಆದರೂ ಸಾರ್ ಅಂದಿರಿ. ಸರಿ ಹೋಯಿತು ಅಂತ ಹೇಳಿ ಬಸ್ ಸ್ಟ್ಯಾಂಡಿಗೆ ನಡೆದೆ.

ಹೋದ ತಿಂಗಳು ಭದ್ರಾವತಿಯಲ್ಲಿ ಮದುವೆ ಊಟಕ್ಕೆ ಕೂತಿದ್ದಾಗ ನೀವೇ ನನ್ನ ಗುರುತು ಹಿಡಿದಿರಿ. ರಿಟೈರಾಗಿ ಹೊಳೆಹೊನ್ನೂರಿನಲ್ಲಿ ಮಗಳ ಮನೆಯಲ್ಲಿದ್ದೀರಿ ಅಂದಿರಿ. ಒಂದು ವಾಕ್ಯ ಮುಗಿಸಲು ಎರಡು ಸಲ ಉಸಿರು ತೆಗೆದುಕೊಳ್ಳುತ್ತಿದ್ದಿರಿ. ಪಕ್ಕದಲ್ಲಿದ್ದ ಮೊಮ್ಮಗಳಿಗೆ ನನ್ನನ್ನು ತೋರಿಸಿ, “ಇವ್ರೇ ನೋಡು ಪುಟ್ಟಿ, ನಾನು ಕೆಡಿಸಿದ್ದ ಕಂಪ್ಯೂಟರ್ ಸರಿ ಮಾಡಿದೋರು” ಅಂದಿರಿ. ಅವಳು ನಕ್ಕಳು. “ಅದಕ್ಕೇ ಅಜ್ಜ ಮೊಬೈಲೂ ಮುಟ್ಟಲ್ಲ. ಅಮ್ಮನೇ ನಂಬರ್ ಒತ್ತಿ ಕಿವಿಗೆ ಹಿಡೀಬೇಕು.” ನೀವೂ ನಕ್ಕಿರಿ. “ನನ್ನ ಕೈಗುಣ ಸರಿ ಇಲ್ಲ ಮಗಾ. ಮಿಷಿನ್‌ಗೆ ಆಗಿ ಬರಲ್ಲ.”

ನಾನೂ ಅವಳ ಜೊತೆ ನಕ್ಕೆ. ಹೋಳಿಗೆಗೆ ತುಪ್ಪ ಹಾಕಿಸಿಕೊಂಡೆ. ಮೊದಲ ಸಲ ಸುಳ್ಳು ಹೇಳಿದವನು ಇಪ್ಪತ್ತೇಳರ ಹುಡುಗ ಅನ್ನಬಹುದು. ಆ ಎಲೆಯ ಮುಂದೆ ಕೂತಿದ್ದವನ ಬಗ್ಗೆ ಏನು ಅನ್ನುವುದು, ನನಗೆ ತಿಳಿಯದು. ನಾಚಿಕೆಯಾಗುತ್ತದೆ, ಅಷ್ಟೇ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಬರುವ ಭಾನುವಾರ ಹೊಳೆಹೊನ್ನೂರಿಗೆ ಬರುತ್ತೇನೆ. ನಿಮ್ಮ ಮಗಳು, ಮೊಮ್ಮಗಳು ಇಬ್ಬರೂ ಮನೆಯಲ್ಲಿರುವ ಹೊತ್ತಿನಲ್ಲಿ. ಅವರೆದುರು ನಾನೇ ಓದುತ್ತೇನೆ. ನೀವು ಬೈಯಬಹುದು, ಎದ್ದು ಹೋಗು ಅನ್ನಬಹುದು, ಆಯ್ತು ಬಿಡಿ ಸಾರ್ ಅಂತ ಅಂದುಬಿಡಲೂಬಹುದು — ಅದೊಂದನ್ನು ಮಾತ್ರ ಅನ್ನಬೇಡಿ. ನಿಮ್ಮ ಮೊಮ್ಮಗಳಿಗೆ ನಾನು ಹೇಳಬೇಕಾದದ್ದು ಇಷ್ಟು: ಪುಟ್ಟಿ, ಆ ಮಿಷಿನ್ ನಾಲ್ಕು ತಿಂಗಳು ಓಡಿದ್ದೇ ನಿನ್ನ ಅಜ್ಜನ ಕೈಯಿಂದ.