ಮಸಿಯಿಲ್ಲದ ವೇಸಕರ

ನಾಟಕದ ಮಾಸ್ತರರ ಎಡಗಣ್ಣಿನ ರೆಪ್ಪೆ ಸದಾ ಅರ್ಧ ಇಳಿದೇ ಇರುತ್ತಿತ್ತು. ನಿದ್ದೆಗಣ್ಣಿನಲ್ಲಿದ್ದಾರೆ ಅಂದುಕೊಂಡು ಯಾರಾದರೂ ಪಾರ್ಟಿನ ಮಾತು ತಪ್ಪಿದರೆ ಹಾರ್ಮೋನಿಯಂ ಪೇಟಿ ನಿಲ್ಲಿಸಿ, “ಮತ್ತೊಮ್ಮಿ ಸಾಯಿ ನೋಡೂಣು” ಅನ್ನುತ್ತಿದ್ದರು. ಸಾಯುವ ಪಾರ್ಟು ಇಲ್ಲದವರಿಗೂ ಅದೇ ಮಾತು. ನಮ್ಮ ಕೇರಿಗೆ ಬಂದರೆ ನಮ್ಮ ಬಸಿಯಲ್ಲೇ ಚಹಾ ಸುರಿದು ಕುಡಿಯುವರು. ಅವರ ಮನೆತನದಲ್ಲಿ ಹಾಗೆ ಕುಡಿದವರು ಅವರೊಬ್ಬರೇ.

ನಮ್ಮೂರಲ್ಲಿ ಆಡುತ್ತಿದ್ದುದು ಒಂದು ನಿಜವಾದ ಖೂನಿಯ ನಾಟಕ. ಬ್ರಿಟಿಷರ ಕಾಲದಲ್ಲಿ ವಾಡೆಯ, ಅಂದರೆ ಊರಿನ ದೊಡ್ಡಮನೆಯ, ಯಜಮಾನ ತನ್ನ ನಡುಮನೆಯಲ್ಲೇ ಕೊಲೆಯಾದ. ಊರು ಕಾಯುವ ವೇಸಕರನನ್ನು ಹಿಡಿದರು; ಅವನು ಜೈಲಿನಲ್ಲೇ ಸತ್ತ. ಆ ವೇಸಕರ ನನ್ನ ಗಂಡನ ಅಜ್ಜ. ನಾಟಕದಲ್ಲಿ ವಾಡೆಯವನೊಬ್ಬ ಮುಖಕ್ಕೆ ಮಸಿ ಬಳಿದುಕೊಂಡು ವೇಸಕರನಾಗಿ, ಕುಡಿದವನಂತೆ ತೂರಾಡುತ್ತ ಬಂದು ಖೂನಿ ಮಾಡುತ್ತಿದ್ದ. ಜನ ನಗುತ್ತಿದ್ದರು. ಮರುದಿನದಿಂದ ಮತ್ತೆ ನಮ್ಮದು ಖೂನಿಯವರ ಮನೆ. ನನ್ನ ಮಗಳನ್ನು ನೋಡಲು ಬಂದವರು ಆ ಹೆಸರು ಕೇಳಿ ಎದ್ದು ಹೋಗಿದ್ದರು.

ಇಸವಿ ಎರಡು ಸಾವಿರ ದಾಟಿದ ಮೇಲೆ ಒಂದು ವರ್ಷ ಮಾಸ್ತರರು, ನಿಮ್ಮ ಹಿರಿಯನ ಪಾರ್ಟು ನೀವೇ ಮಾಡಿ, ಮಸಿ ಬೇಡ ಎಂದು ನನ್ನ ಮಗನನ್ನು ಕರೆದರು. ನಾವು ದುಡಿಯುವುದು ವಾಡೆಯವರ ಕಬ್ಬಿನಲ್ಲಿ. ಮಾಸ್ತರರೂ ವಾಡೆಯ ಭಾವಕಿಯವರೇ, ಒಂದೇ ರಕ್ತ. ಮಗನನ್ನು ಬಿಡಿಸಿಕೊಂಡು ಬರಲು ತಾಲೀಮಿಗೆ ಹೋದೆ. ಅವನು ಚಾಕು ಹಿಡಿದು ನಡುಮನೆಗೆ ನುಗ್ಗುತ್ತಿದ್ದ. ನೋಡಿ ನನಗೆ ಸಿಟ್ಟು ಬಂತು.

“ಮಾಸ್ತರ್ರ, ವೇಸಕರ ಹೊಸ್ತಿಲ ಹೊರಗ ನಿಂತ ರೊಟ್ಟಿ ಇಸಗೊಳ್ಳಾಂವ. ನಡುಮನಿ ಎತ್ತಾಗ ಐತಿ ಅಂತ ಇವಂಗ ಹ್ಯಾಂಗ ಗೊತ್ರಿ?”

ಪೇಟಿ ನಿಂತಿತು. ಮಾಸ್ತರರು ಇನ್ನೊಮ್ಮೆ ಹೇಳಿಸಿಕೊಂಡು ಬರೆದುಕೊಂಡರು.

“ಯಕ್ಕಾ, ನಲವತ್ತ ವರ್ಷ ಈ ನಾಟಕಾ ಕಲಿಸೇನಿ, ನನಗಿದು ಹೊಳೀಲಿಲ್ಲ. ನಾ ಆ ಮನಿಯೊಳಗ ಓಡ್ಯಾಡಿ ಬೆಳದಾಂವ.”

ನನ್ನ ಮಾತಿನಿಂದ ಖೂನಿ ವಾಡೆಯ ಒಳಗಿನವರ ಮೇಲೇ ಬರುತ್ತದೆ ಅಂತ ಆಗ ಹೊಳೆದು ನನಗೆ ಹೆದರಿಕೆ ಹತ್ತಿತು. ಬರೆದದ್ದು ಅಳಿಸಿರಿ, ನಾವು ಈ ಊರಲ್ಲಿ ಬಾಳಬೇಕು ಎಂದು ಕಾಲು ಹಿಡಿದೆ. ಅಳಿಸಲಿಲ್ಲ.

ಲೋಡ್‌ಶೆಡ್ಡಿಂಗ್ ಇದ್ದುದರಿಂದ ನಾಟಕ ಹಗಲಿಗೇ ಆಯಿತು. ವಾಡೆಯವರು ಮುಂದಿನ ಕುರ್ಚಿಗಳಲ್ಲಿ. ನಾನು ಎಲ್ಲರಿಗಿಂತ ಹಿಂದೆ, ಓಡಲು ಅನುಕೂಲವಾಗಲಿ ಎಂದು ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದೆ. ಮಗ ನಾಟಕದ ಕೋರ್ಟಿನ ಸಾಹೇಬನ ಎದುರು ನನ್ನ ಮಾತನ್ನೇ ಹೇಳಿದ. ಯಾರೂ ನಗಲಿಲ್ಲ. ವಾಡೆಯ ಹಿರಿಯ ಎದ್ದು ನಿಂತ. ಮಾಸ್ತರರು ಅವನನ್ನೇ ನೋಡುತ್ತ, “ಕಾಕಾ, ಕೂಡ್ರಿ. ಇನ್ನೂ ಐತಿ” ಅಂದರು. ಅವನು ಕೂಡಲಿಲ್ಲ. ಮುಂದಿನ ಸಾಲಿಗೆ ಸಾಲೇ ಎದ್ದು ಹೋಯಿತು.

ಅಂದಿನಿಂದ ಭಾವಕಿಯವರು ಮಾಸ್ತರರ ಮನೆಗೆ ಕಾಲಿಡಲಿಲ್ಲ. ನಮ್ಮ ಮೇಲೆ ಯಾರೂ ಕೈ ಮಾಡಲಿಲ್ಲ. ಆದರೂ ತಿಂಗಳುಗಟ್ಟಲೆ ಬೈಕಿನ ಸಪ್ಪಳ ಕೇಳಿದರೆ ನಾನು ಬಾಗಿಲು ಹಾಕುತ್ತಿದ್ದೆ. ಮುಂದೆ ಮಗಳಿಗೆ ರಾಯಬಾಗದ ಕಡೆ ಸಂಬಂಧ ಕೂಡಿಬಂತು. ಖೂನಿಯ ಮಾತು ಯಾರೂ ಎತ್ತಲಿಲ್ಲ.

ಕೆಲವು ವರ್ಷಗಳ ಮೇಲೆ ಮಾಸ್ತರರು ಸತ್ತಾಗ ನನ್ನ ಮಗ ಹೆಗಲು ಕೊಟ್ಟ. ಯಾರ್ಯಾರು ಬಂದಿದ್ದಾರೆ ಎಂದು ವಾಡೆಯವರು ದಾರಿಯಲ್ಲಿ ನಿಂತು ನೋಡುತ್ತಿದ್ದಾರೆ ಅಂತ ಕೇಳಿ ನಾನು ಹೋಗಲಿಲ್ಲ. ಛಲೋ ಮಾಡಿದ್ರಿ ಅನ್ನುವ ಒಂದು ಮಾತನ್ನು ಮಾಸ್ತರರು ಬದುಕಿದ್ದಾಗಲೂ ನಾನು ಅವರಿಗೆ ಹೇಳಿರಲಿಲ್ಲ. ಹೇಳಿದರೆ ಯಾರಾದರೂ ಕೇಳಿಸಿಕೊಂಡಾರು ಅಂತ ಹೆದರಿದ್ದೆ.