ಮಂಚದ ಕೆಳಗಿನ ರಂಗೋಲಿ

ಬೆಳಗಿನ ಐದೂವರೆ. ತರೀಕೆರೆಯ ಸಣ್ಣದೊಂದು ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಆಯಾ ಕರಿಯಮ್ಮ ಕುಕ್ಕರುಗಾಲಲ್ಲಿ ಕೂತು ರಂಗೋಲಿ ಹಾಕುತ್ತಿದ್ದಾರೆ. ರಂಗೋಲಿಯ ನಡುವೆ ದೇವರಿಲ್ಲ, ಗಾಜಿನ ಬಾಟಲಿಯಿದೆ. ಮಂಚದ ಮೇಲಿನ ವಿಶಾಲಾಕ್ಷಮ್ಮನ ಎದೆಯಿಂದ ಇಳಿದ ರಬ್ಬರ್ ನಳಿಕೆ ಅದರ ನೀರಿನಲ್ಲಿ ಮುಳುಗಿದೆ. ಬಾಟಲಿ ನೆಲ ಬಿಟ್ಟು ಮೇಲೆದ್ದರೆ ನೀರು ವಾಪಸು ಎದೆಗೇ.

"ಬೋರ್ಡ್ ಹಾಕಿದ್ರು, ಯಾರೂ ಓದ್ಲಿಲ್ಲ. ಕಾಲಿಗೆ ತಗಲುತ್ತೆ ಅಂತ ಎತ್ತಿ ಸ್ಟೂಲ್ ಮೇಲೆ ಇಡೋರು. ರಂಗೋಲಿ ಹಾಕಿದ್ಮೇಲೆ ಒಬ್ರೂ ಮುಟ್ಟಲ್ಲ ಕಣ್ರೀ." 1968ರಲ್ಲಿ ಕೆಲಸಕ್ಕೆ ಸೇರಿದ ಕರಿಯಮ್ಮನಿಗೆ ಈಗ ಹದಿನಾರು ವರ್ಷದ ಸರ್ವೀಸು.

ವಿಶಾಲಾಕ್ಷಮ್ಮನಿಗೆ ಕ್ಯಾನ್ಸರ್. ಶ್ವಾಸಕೋಶದ ಸುತ್ತ ನೀರು ತುಂಬಿ, ಎರಡು ತಿಂಗಳಿಂದ ಎರಡು ಮಾತಿಗೊಮ್ಮೆ ಉಸಿರಿಗೆ ನಿಲ್ಲುತ್ತಾರೆ. ಮೂರು ಸಲ ಸೂಜಿಯಲ್ಲಿ ತೆಗೆದರೂ ಮತ್ತೆ ತುಂಬಿತು. ಈ ಸಲ ಸರ್ಜನ್ ಪಕ್ಕೆಲುಬುಗಳ ನಡುವೆ ನಳಿಕೆ ಇಳಿಸಿದ್ದಾರೆ. ಮೊದಲ ದಿನ ಒಂದೂಕಾಲು ಲೀಟರ್ ಬಂದದ್ದು, ನಿನ್ನೆ ಅರ್ಧ ಲೋಟಕ್ಕೆ ಇಳಿದಿದೆ. ಇವತ್ತು ಅದೇ ನಳಿಕೆಯಲ್ಲಿ ಔಷಧಿ ಬಿಟ್ಟು ಶ್ವಾಸಕೋಶವನ್ನು ಎದೆಗೂಡಿಗೆ ಅಂಟಿಸುತ್ತಾರೆ. ಅಂಟಿದರೆ ನೀರಿಗೆ ಜಾಗವಿಲ್ಲ. "ಕ್ಯಾನ್ಸರ್ ಹೋಗಲ್ಲ, ಉಸಿರು ಸಿಗುತ್ತೆ" ಎಂದು ಡಾಕ್ಟರು ಮುಚ್ಚಿಡದೆ ಹೇಳಿದ್ದಾರೆ.

ಔಷಧಿ ಸುತ್ತಲೂ ಹರಡಲು ಎರಡು ಗಂಟೆ ಕಾಲ, ಕಾಲು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಎಡಕ್ಕೆ, ಅಂಗಾತ, ಬಲಕ್ಕೆ, ಬೋರಲು. ಕರಿಯಮ್ಮನ ಕೆಲಸ ಅದೇ. "ನೋವಾಗುತ್ತೆ, ಗೊತ್ತು ಕಣಮ್ಮ. ನನ್ನ ಬೈಕೊ" ಎನ್ನುತ್ತಾರೆ. ಬೈಯಲು ವಿಶಾಲಾಕ್ಷಮ್ಮನಿಗೆ ಆಸೆಯಿದೆ, ಉಸಿರಿಲ್ಲ.

ಗಂಡ ಓಂಕಾರಮೂರ್ತಿ ಅಜ್ಜಂಪುರದಲ್ಲಿ ಕಾಳುಕಡಿ ವ್ಯಾಪಾರಿ. ಬಾಗಿಲ ಬಳಿ ನಿಂತು ಹೇಳುತ್ತಾರೆ: "ಎರಡು ತಿಂಗಳಾಯ್ತು ಸ್ವಾಮಿ, ನೆಟ್ಟಗೆ ಬೈಸ್ಕೊಂಡಿಲ್ಲ. ಊಟಾನೇ ಸೇರ್ತಿಲ್ಲ."

ಮೂರು ದಿನ ಕಳೆದಿದೆ. ನಳಿಕೆ ತೆಗೆದಾಗಿದೆ. ದಿಂಬು ಸರಿಪಡಿಸಲು ಬಂದ ಕರಿಯಮ್ಮನ ಕೈಯನ್ನು ವಿಶಾಲಾಕ್ಷಮ್ಮ ತಟ್ಟಿ ಸರಿಸುತ್ತಾರೆ. "ಲೇ ಕರಿಯಮ್ಮ, ನಾನೇನು ಹೆಂಚಿನ ಮೇಲಿನ ರೊಟ್ಟಿಯೇನೇ, ಅವತ್ತು ಮಗುಚಿ ಮಗುಚಿ ಹಾಕಿದ್ಯಲ್ಲ, ನನ್ನ ಸೊಂಟಾನ ನಿಮ್ಮಪ್ಪ ಬಂದು ಸರಿ ಮಾಡ್ತಾನಾ?"

ಅಕ್ಕಪಕ್ಕದ ಮಂಚದವರು ತಿರುಗಿ ನೋಡುತ್ತಾರೆ. ಕರಿಯಮ್ಮ ಮಾತ್ರ ಬೆರಳು ಮಡಚುತ್ತಿದ್ದಾರೆ. "ಹದಿನಾರು ಮಾತು! ಎಲ್ಲೂ ನಿಲ್ಲಲಿಲ್ಲ! ಡಾಕ್ಟ್ರು ಎಕ್ಸ್‌ರೇ ತೆಗೆದು ನೋಡ್ತಾರೆ, ನಾನು ಬೈಸ್ಕೊಂಡು ನೋಡ್ತೀನಿ."

ಓಂಕಾರಮೂರ್ತಿ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು, ಊರಿಂದ ಏನು ಕಳಿಸಲಿ ಎಂದು ಕೇಳುತ್ತಾರೆ.

"ಏನೂ ಬ್ಯಾಡಿ ಸಾವ್ಕಾರ್ರೆ. ತಿಂಗಳಿಗೊಂದು ಕಾರ್ಡು ಹಾಕಿ, ಅಮ್ಮ ಬೈದಿದ್ದಷ್ಟೂ ಬರ್ದು. ಸಿಸ್ಟರ್ ಕೈಲಿ ಓದಿಸ್ಕೊತೀನಿ."

"ಕಾರ್ಡು ಸಾಲಲ್ಲ ಕರಿಯಮ್ಮ," ಎನ್ನುತ್ತಾರೆ ಓಂಕಾರಮೂರ್ತಿ, "ಇನ್‌ಲ್ಯಾಂಡ್ ಲೆಟರೇ ಬೇಕಾಗುತ್ತೆ."